ಚೆಲ್ಲುತ್ತೆ ಮೇಡಂ

ಲೋಟದಲ್ಲಿ ತೇಲುವ ಐಸ್ ಕಂಡರೆ ಈಗ ನನಗೆ ಹೊಟ್ಟೆ ತೊಳಸುತ್ತದೆ. ಮಾತಿಗೆ ಹೇಳುತ್ತಿಲ್ಲ, ನಿಜವಾಗಿಯೂ ವಾಕರಿಕೆ ಬರುತ್ತದೆ. ಮನೆಯ ಫ್ರಿಜ್ಜಿನಲ್ಲಿ ಐಸ್ ಮಾಡುವುದನ್ನೇ ನಿಲ್ಲಿಸಿದ್ದೇನೆ. ನನ್ನ ಗಂಡ ಯಾಕೆ ಎಂದು ಒಮ್ಮೆ ಕೇಳಿದರು. ನನ್ನ ಮುಖ ನೋಡಿ ಮತ್ತೆ ಕೇಳಲಿಲ್ಲ.

ನಾನು ಶಾಲೆಯಲ್ಲಿ ವಿಜ್ಞಾನ ಹೇಳಿಕೊಡುವವಳು. ನಮ್ಮ ಮುಖ್ಯೋಪಾಧ್ಯಾಯಿನಿಯನ್ನು ಎಲ್ಲರೂ ದೊಡ್ಡ ಮೇಡಂ ಎನ್ನುತ್ತೇವೆ. ಅವರು ರಜೆಯಲ್ಲಿ ಯಾವುದೋ ತರಬೇತಿಗೆ ಹೋಗಿ, ಬರುವಾಗ ಫ್ಲಿಪ್ಡ್ ಕ್ಲಾಸ್‌ರೂಮ್ ಎಂಬ ಹೊಸ ಹುಳುವನ್ನು ತಲೆಯಲ್ಲಿ ಬಿಟ್ಟುಕೊಂಡು ಬಂದರು. ಪಾಠವನ್ನು ನಾವು ವಿಡಿಯೊ ಮಾಡಿ ಕಳಿಸಬೇಕು, ಮಕ್ಕಳು ಅದನ್ನು ಮನೆಯಲ್ಲಿ ನೋಡಿಕೊಂಡು ಬರಬೇಕು. ಮನೆಗೆಲಸ ಎಂದು ಕೊಡುತ್ತಿದ್ದ ಲೆಕ್ಕ, ಪ್ರಯೋಗ, ಚರ್ಚೆಯೆಲ್ಲ ತರಗತಿಯಲ್ಲೇ ಆಗಬೇಕು. ಸ್ಟಾಫ್ ರೂಮಿನಲ್ಲಿ ನಾವು ಅದಕ್ಕೆ ಉಲ್ಟಾ ಕ್ಲಾಸು ಎಂದು ಹೆಸರಿಟ್ಟು ಹೊಟ್ಟೆ ತುಂಬ ನಕ್ಕೆವು. ನಕ್ಕು ಮುಗಿಯುವಷ್ಟರಲ್ಲಿ ವಿಡಿಯೊ ಕಳಿಸುವ ದಿನ ಬಂದುಬಿಟ್ಟಿತ್ತು.

ನಮ್ಮ ಅಡುಗೆಮನೆಯೇ ನನ್ನ ಸ್ಟುಡಿಯೊ. ಗೋಡೆಗೆ ಬಿಳಿ ಬೆಡ್‌ಶೀಟು ಕಟ್ಟಿ, ಗಂಡನ ಕೈಗೆ ಮೊಬೈಲು ಕೊಟ್ಟು ನಿಂತೆ.

"ಸ್ವಲ್ಪ ನಗು ಮಾರಾಯ್ತಿ. ಮಕ್ಕಳು ಹೆದರ್ಕೋತಾರೆ," ಎಂದರು ಅವರು.

"ಮೂವತ್ತು ವರ್ಷ ನಗದೇ ಪಾಠ ಮಾಡಿದೀನಿ. ಯಾರೂ ಸತ್ತಿಲ್ಲ."

"ಸತ್ತವರು ಬಂದು ಹೇಳ್ತಾರಾ?"

ಆವಿಯ ಪಾಠದ ನಡುವೆ ಒಲೆಯ ಮೇಲಿದ್ದ ಕುಕ್ಕರು ಕೂಗಿಬಿಟ್ಟಿತು. ಮತ್ತೆ ಮೊದಲಿನಿಂದ ಮಾಡಲು ನನಗೆ ತಾಳ್ಮೆ ಇರಲಿಲ್ಲ, ಹಾಗೆಯೇ ಕಳಿಸಿದೆ. ಮಕ್ಕಳಿಗೆ ಆ ಪಾಠದಲ್ಲಿ ನನಗಿಂತ ಕುಕ್ಕರೇ ಹೆಚ್ಚು ಅರ್ಥವಾಗಿತ್ತು.

ಇಷ್ಟೆಲ್ಲ ಗೊಣಗಿದವಳು ಒಂದು ಮಾತನ್ನು ಒಪ್ಪಿಕೊಳ್ಳಲೇಬೇಕು. ಉಲ್ಟಾ ಕ್ಲಾಸು ಕೆಟ್ಟದ್ದಲ್ಲ. ಅಷ್ಟು ವರ್ಷ ನಾನು ಬೋರ್ಡಿಗೆ ಪಾಠ ಮಾಡಿದ್ದೆ, ಮಕ್ಕಳು ನನ್ನ ಬೆನ್ನಿನಿಂದ ಕಲಿತಿದ್ದರು. ಈಗ ಬೆಂಚುಗಳ ನಡುವೆ ಓಡಾಡತೊಡಗಿದೆ. ಯಾವ ಮಗು ಎಲ್ಲಿ ಎಡವುತ್ತದೆ ಎನ್ನುವುದು ಪರೀಕ್ಷೆಗೆ ಮೊದಲೇ ಕಣ್ಣಿಗೆ ಬೀಳತೊಡಗಿತು. ಜ್ವರ ಬಂದು ಮಲಗಿದ್ದವರು ವಿಡಿಯೊ ನೋಡಿಕೊಂಡು ಬಂದರು. ತರಗತಿಯಲ್ಲಿ ಇನ್ನೊಮ್ಮೆ ಹೇಳಿ ಎಂದು ಬಾಯಿಬಿಡಲು ನಾಚುವವರು ಮನೆಯಲ್ಲಿ ನನ್ನನ್ನು ಹಿಂದೆ ಮುಂದೆ ಓಡಿಸಿ ಬೇಕಾದಷ್ಟು ಸಲ ಕೇಳಿಕೊಂಡರು. ನನ್ನ ಕೆಲಸ ನನಗೇ ಹೊಸದಾಗಿ ಕಂಡಿತು. ಮನೆಗೆ ಹೋಗಿ ಗಂಡನ ಹತ್ತಿರ ಹೇಳಿದೆ. ಅವರು ಪೇಪರಿನಿಂದ ತಲೆಯೆತ್ತದೆ, "ಹಾಗಾದ್ರೆ ಕುಕ್ಕರಿಗೂ ಒಂದು ಸರ್ಟಿಫಿಕೇಟ್ ಕೊಡ್ಸು," ಎಂದರು.

ತೊಡಕಿದ್ದದ್ದು ವಿಡಿಯೊ ನೋಡದೆ ಬರುವವರದು. ಯಾರು ನೋಡಿದರು, ಯಾರು ನೋಡಲಿಲ್ಲ ಎನ್ನುವುದು ದೊಡ್ಡ ಮೇಡಂ ಕಂಪ್ಯೂಟರಿನಲ್ಲಿ ಕಾಣುತ್ತಿತ್ತು. ನೋಡದವರಿಗೆ ಅವರು ಕಾರಿಡಾರಿನಲ್ಲಿ ಒಂದು ಬೆಂಚು ಹಾಕಿಸಿದರು. ಒಳಗೆ ಉಳಿದ ಮಕ್ಕಳು ಪ್ರಯೋಗ ಮಾಡುವಾಗ ಇವರು ಹೊರಗೆ ಕೂತು ಶಾಲೆಯ ಟ್ಯಾಬಿನಲ್ಲಿ ಪಾಠ ನೋಡಬೇಕು. ಮನೆಯಲ್ಲಿ ಕೇಳಿದರೆ ಸಿಗುವ ಮೊಬೈಲು ಇರುವ ಮಗುವಿಗೆ ಪ್ರಯೋಗವೂ ಸಿಕ್ಕಿತು, ಇಲ್ಲದ ಮಗುವಿಗೆ ಗೋಡೆಯಾಚೆಗಿನ ಗಲಾಟೆ ಮಾತ್ರ ಸಿಕ್ಕಿತು. ಹೊಸ ಪದ್ಧತಿಯಂತೆ! ಮೊದಲಾದರೂ ಎಲ್ಲರೂ ಒಂದೇ ಕೋಣೆಯಲ್ಲಿ ಕೂತು ತೂಕಡಿಸುತ್ತಿದ್ದರು.

ಆ ಬೆಂಚಿನ ಕಾಯಂ ನಿವಾಸಿ ಒಬ್ಬಳು ಹುಡುಗಿ. ತರಗತಿಯಲ್ಲಿ ಅವಳಿಗೆ ಪ್ರಶ್ನೆಪತ್ರಿಕೆ ಎಂದು ಅಡ್ಡಹೆಸರು, ಏಕೆಂದರೆ ಅವಳ ಬಾಯಿಂದ ಪ್ರಶ್ನೆ ಬಿಟ್ಟು ಬೇರೇನೂ ಬರುತ್ತಿರಲಿಲ್ಲ. ಅವಳ ತಾಯಿಗೆ ಹೊಲಿಗೆ ಅಂಗಡಿ. ಮನೆಗಿದ್ದ ಒಂದೇ ಮೊಬೈಲು ಅಂಗಡಿಯಲ್ಲಿ ಹೊಲಿಗೆ ಯಂತ್ರದ ಪಕ್ಕ ಇರುತ್ತಿತ್ತು. ಅಳತೆ, ಬಟ್ಟೆಯ ಫೋಟೊ, ತಡವಾಯಿತೆಂದು ಬೈಯುವ ಗಿರಾಕಿಗಳು, ಎಲ್ಲ ಅದರಲ್ಲೇ ಬರುತ್ತಿದ್ದವು. ಮನೆಗೆ ಬರುವಾಗ ಅದರ ಬ್ಯಾಟರಿಯೂ ತಾಯಿಯ ಹಾಗೆ ಸುಸ್ತಾಗಿ ಹೋಗಿರುತ್ತಿತ್ತು.

ಒಂದು ದಿನ ನನಗೆ ರೇಗಿಹೋಗಿ ಅವಳನ್ನು ಬೆಂಚಿನಿಂದ ಎಬ್ಬಿಸಿ ಒಳಗೆ ಕೂರಿಸಿಕೊಂಡೆ. ಆ ದಿನದ ಪಾಠ ತೇಲುವುದು, ಮುಳುಗುವುದು. ಲೋಟದ ಅಂಚಿನವರೆಗೆ ನೀರು ತುಂಬಿ, ಅದರಲ್ಲಿ ಐಸ್ ತುಂಡು ತೇಲಿಬಿಟ್ಟು, ಕೆಳಗೆ ಒಣ ಕಾಗದ ಹಾಸಿ ಕೇಳಿದೆ. ಈ ಐಸ್ ಕರಗಿದರೆ ನೀರು ಚೆಲ್ಲುತ್ತದೋ ಇಲ್ಲವೋ?

"ಚೆಲ್ಲಲ್ಲ ಮೇಡಂ!" ಎಂದಿತು ಇಡೀ ತರಗತಿ ಒಂದೇ ರಾಗದಲ್ಲಿ. ಎಲ್ಲರೂ ವಿಡಿಯೊ ನೋಡಿದ್ದರು.

"ಚೆಲ್ಲುತ್ತೆ ಮೇಡಂ," ಎಂದಳು ಪ್ರಶ್ನೆಪತ್ರಿಕೆ. "ಐಸ್ ಮೇಲೆ ತಲೆ ಎತ್ಕೊಂಡು ನಿಂತಿದೆಯಲ್ಲ. ಆ ತಲೆ ಕರಗಿದ್ರೆ ಆ ನೀರು ಎಲ್ಲಿಗೆ ಹೋಗ್ಬೇಕು?"

ಉಳಿದವರು ನಕ್ಕರು. ನಾನು ಅವರಿಗೆ, ಸರಿ, ಎಲ್ಲಿಗೆ ಹೋಗುತ್ತದೆ ನೀವೇ ಹೇಳಿ ಎಂದೆ. ನಗು ನಿಂತಿತು. "ವಿಡಿಯೊದಲ್ಲಿ ನೀವೇ ಹಾಗೆ ಹೇಳಿದೀರಲ್ಲ ಮೇಡಂ," ಎಂದ ಒಬ್ಬ ಜಾಣ. ನಾನು ಮಾಡಿದ ಪಾಠದ ಯೋಗ್ಯತೆ ನನಗೆ ಅಲ್ಲೇ ಗೊತ್ತಾಯಿತು. ಉತ್ತರ ಎಲ್ಲರ ಬಾಯಲ್ಲೂ ಇತ್ತು, ಪ್ರಶ್ನೆ ಯಾರ ತಲೆಯಲ್ಲೂ ಇರಲಿಲ್ಲ.

ಲೋಟದ ಸುತ್ತ ತಲೆಗೆ ತಲೆ ತಾಗಿಸಿ ಎಲ್ಲರೂ ಕಾದರು. ಐಸ್ ಕರಗಿತು, ಕಾಗದ ಒದ್ದೆಯಾಗಲಿಲ್ಲ. ಪ್ರಶ್ನೆಪತ್ರಿಕೆ ಲೋಟವನ್ನು ದಿಟ್ಟಿಸುತ್ತ ನಿಂತಳು. ಪಕ್ಕದವರು ಏನೇನೋ ಹೇಳಿದರು, ಅವಳು ಎಲ್ಲವನ್ನೂ ತಳ್ಳಿಹಾಕಿದಳು. ಆಮೇಲೆ ಇದ್ದಕ್ಕಿದ್ದಂತೆ, "ನಮ್ಮ ಚಿಕ್ಕಮ್ಮನ ಮನೆ ಫ್ರಿಜ್ಜಲ್ಲಿ ನೀರಿನ ಬಾಟ್ಲಿ ಒಡೆದುಹೋಗಿತ್ತು. ಐಸ್ ಆಗುವಾಗ ನೀರು ಉಬ್ಬುತ್ತೆ. ಹಾಗಾದ್ರೆ ಮೇಲೆ ಕಾಣೋ ತಲೆ ಬರೀ ಉಬ್ಬು ಮೇಡಂ! ಕರಗಿದ್ರೆ ಉಬ್ಬು ಇಳಿದು, ಕೆಳಗಿರೋ ಜಾಗದಲ್ಲೇ ಪೂರ್ತಿ ಕೂತ್ಕೊಳುತ್ತೆ!" ಎಂದಳು.

ನನ್ನ ವಿಡಿಯೊದಲ್ಲಿ ಇಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ. ಇಡೀ ತರಗತಿ ಅವಳ ಮಾತಿಗೆ ಹೌದು, ಅಲ್ಲ ಎಂದು ಜಗಳಕ್ಕೆ ಬಿತ್ತು. ನನಗಾದ ಸಂತೋಷ ಹೇಳತೀರದು. ಆಗ ಕಿಟಕಿಯ ಕಡೆ ತಿರುಗಿದೆ. ದೊಡ್ಡ ಮೇಡಂ ನಿಂತು ನೋಡುತ್ತಿದ್ದರು. ವಿಡಿಯೊ ನೋಡದವಳನ್ನು ಒಳಗೇಕೆ ಕೂರಿಸಿದಿರಿ ಎಂದು ಬೈಯುತ್ತಾರೆ ಅಂದುಕೊಂಡೆ. ಬೈದಿದ್ದರೆ ಎಷ್ಟೋ ಚೆನ್ನಾಗಿತ್ತು.

ಸಂಜೆ ಕರೆಸಿದರು. "ಅದ್ಭುತ ಕಣ್ರೀ. ಒಂದು ಮಗು ತಪ್ಪು ಹೇಳುತ್ತೆ, ಉಳಿದವರು ಮಾಡಿ ತೋರಿಸ್ತಾರೆ, ಆ ಮಗುವಿಗೆ ಜ್ಞಾನೋದಯ! ಮಾದರಿ ಶಾಲೆ ಆರಿಸೋ ಸಮಿತಿ ನೋಡೋಕೆ ಬರ್ತಿದೆ. ಇದನ್ನೇ ತೋರಿಸೋಣ."

"ಇನ್ನೊಂದು ಸಲ ಹೇಗೆ ತೋರಿಸೋದು ಮೇಡಂ? ಈಗ ಅವಳಿಗೆ ಗೊತ್ತಾಗಿದೆಯಲ್ಲ."

"ಗೊತ್ತಿಲ್ಲದ ಹಾಗೆ ಇದ್ರಾಯ್ತು," ಎಂದರು ಅವರು, ಕುರ್ಚಿ ಸ್ವಲ್ಪ ಸರಿಸಿ ಎಂದಷ್ಟೇ ಸಲೀಸಾಗಿ.

ಆಗಲ್ಲ ಎಂದೆ. ಅವರು ಕಂಪ್ಯೂಟರನ್ನು ನನ್ನ ಕಡೆ ತಿರುಗಿಸಿದರು. ಮುಂದಿನ ವರ್ಷದ ವಿಜ್ಞಾನ ವಿಭಾಗಕ್ಕೆ ಸಂದರ್ಶನ ಮಾಡಿ ಮಕ್ಕಳನ್ನು ಆರಿಸುತ್ತಾರೆ. ವಿಡಿಯೊ ನೋಡದವರನ್ನು ಸಂದರ್ಶನಕ್ಕೇ ಕರೆಯುವುದಿಲ್ಲ ಎಂದು ಅವರೇ ನಿಯಮ ಮಾಡಿದ್ದರು. ಪ್ರಶ್ನೆಪತ್ರಿಕೆಯ ಸಾಲಿನಲ್ಲಿ ಉದ್ದಕ್ಕೂ ಕೆಂಪು ಬಣ್ಣ.

"ಅವಳು ನನಗೆ ಸಹಾಯ ಮಾಡ್ಲಿ, ಇದನ್ನ ನಾನು ನೋಡ್ಕೋತೀನಿ. ಸಂದರ್ಶನಕ್ಕೆ ಕೂರ್ಸೋ ಜವಾಬ್ದಾರಿ ನಂದು," ಎಂದರು. ಮುಖದ ತುಂಬ ಕರುಣೆ.

ಅದೇ ವಾರ ಹುಡುಗಿಯ ತಾಯಿಯನ್ನು ನೋಡಲು ಅಂಗಡಿಗೆ ಹೋದೆ. ಕತ್ತರಿಸಿದ ಬಟ್ಟೆಯ ಚೂರುಗಳ ನಡುವೆ ನನಗೊಂದು ಸ್ಟೂಲು ಖಾಲಿ ಮಾಡಿಕೊಟ್ಟರು. "ವಿಜ್ಞಾನ ಸಿಕ್ಕಿದ್ರೆ ಓದ್ಲಿ ಮೇಡಂ, ನಾನು ಹೇಗೋ ಮಾಡ್ತೀನಿ. ಸಿಗದಿದ್ರೆ ಅಂಗಡಿಗೆ ಬರ್ಲಿ. ಒಬ್ಬಳ ಕೈಯಲ್ಲಿ ಆಗ್ತಿಲ್ಲ," ಎಂದರು. ಕಟುಕಿಯಲ್ಲ ಆಕೆ. ಮಾತಾಡುವಾಗಲೂ ಕಾಲು ಯಂತ್ರದ ಮೆಟ್ಟುಹಲಗೆಯಿಂದ ಇಳಿಯಲಿಲ್ಲ, ಅಷ್ಟು ಕೆಲಸ ಬಾಕಿಯಿತ್ತು. ಯಂತ್ರದ ಸದ್ದು ಕೇಳುತ್ತ ಕೂತಾಗಲೇ ನಾನು ತೀರ್ಮಾನಿಸಿದ್ದು. ಒಂದು ಸಲ ತಾನೇ, ನಾಟಕ ಮಾಡಿಸಿಬಿಡೋಣ ಎಂದು.

ಹುಡುಗಿಗೆ ಹೇಳಿಕೊಡುವುದು ಸುಲಭವಾಗಲಿಲ್ಲ.

"ನನಗೆ ಗೊತ್ತಲ್ಲ ಮೇಡಂ. ಗೊತ್ತಿಲ್ಲ ಅಂತ ಹೇಗೆ ಹೇಳೋದು?"

"ನಾಟಕದಲ್ಲಿ ರಾಜನ ಪಾತ್ರ ಮಾಡೋರು ನಿಜವಾಗ್ಲೂ ರಾಜನಾ?"

"ಆದ್ರೆ ನೋಡೋರಿಗೆ ಅದು ನಾಟಕ ಅಂತ ಗೊತ್ತಿರುತ್ತೆ," ಎಂದಳು. ನಿನಗೆ ವಿಜ್ಞಾನ ಬೇಕೋ ಬೇಡವೋ ಎಂದು ಗದರಿಸಿದೆ. ಬೇಕು ಎಂದಳು. ಅಲ್ಲಿಗೆ ಮಾತು ಮುಗಿಯಿತು.

ಸಮಿತಿಯ ಮುಖ್ಯಸ್ಥರು ಬಂದರು. ಹೊಳೆಯುವ ಬೂಟು, ಹೋದಲ್ಲಿ ಬಂದಲ್ಲಿ ಮೊದಲು ಚಪ್ಪಾಳೆ ಶುರುಮಾಡುವ ಕೈ. ಮಕ್ಕಳು ಮೊದಲ ದಿನವೇ ಅವರಿಗೆ ಚಪ್ಪಾಳೆ ಸಾಹೇಬರು ಎಂದು ಹೆಸರಿಟ್ಟರು. ಐಸ್ ಕರಗುವವರೆಗೆ ಅವರಿಗೆ ಬೇಸರವಾಗಬಾರದೆಂದು ದೊಡ್ಡ ಮೇಡಂ ಅರ್ಧ ಕರಗಿದ ತುಂಡನ್ನೇ ತರಿಸಿದ್ದರು. ನಾನು ಅದೇ ಪ್ರಶ್ನೆ ಕೇಳಿದೆ. ಪ್ರಶ್ನೆಪತ್ರಿಕೆ ಎದ್ದು, ತಲೆ ಕೆರೆದುಕೊಂಡು, "ಚೆಲ್ಲುತ್ತೆ ಮೇಡಂ," ಎಂದಳು. ತಲೆ ಕೆರೆದುಕೊಳ್ಳುವುದು ದೊಡ್ಡ ಮೇಡಂ ಸೇರಿಸಿದ್ದು. ಮಕ್ಕಳು ಹೇಳಿಕೊಟ್ಟಷ್ಟೇ ನಕ್ಕರು. ಆಗ ನಾನು, "ಹೌದಾ? ಹಾಗಾದ್ರೆ ನೋಡೇ ಬಿಡೋಣ," ಎನ್ನಬೇಕು. ಅದು ನನ್ನ ಮಾತು. ಅದನ್ನು ಕೇಳಿದ ಮೇಲೆ ಅವಳು ಲೋಟದ ಹತ್ತಿರ ಬಂದು, ಕಣ್ಣರಳಿಸಿ, ಉಬ್ಬಿನ ವಿಷಯ ಹೇಳಬೇಕು. ಹೇಳಿದಳು.

ಸಾಹೇಬರು ಎದ್ದು ನಿಂತು ಚಪ್ಪಾಳೆ ತಟ್ಟಿದರು. "ಇಂಥ ದಡ್ಡ ಮಗೂನೂ ಕಲಿತುಬಿಡ್ತಲ್ಲ! ಇದಪ್ಪಾ ಪದ್ಧತಿ ಅಂದ್ರೆ!" ಎಂದು ಅವಳ ಕೆನ್ನೆ ಹಿಂಡಿದರು. ಅವಳು ನನ್ನ ಕಡೆ ನೋಡಿದಳು. ನಾನು ಕಿಟಕಿಯಾಚೆ ಏನೋ ಇರುವಂತೆ ನೋಡುತ್ತ ನಿಂತೆ. ಛೀ ಎನ್ನಿಸಿತು. ಆದರೂ ನಿಂತೇ ಇದ್ದೆ.

ಒಂದು ಸಲ ಎನ್ನುವುದು ಒಂದು ಸಲಕ್ಕೆ ಮುಗಿಯಲಿಲ್ಲ. ಸಾಹೇಬರು ಸಮಿತಿಯ ಉಳಿದವರನ್ನು ಕರೆತಂದರು. ಬೇರೆ ಶಾಲೆಗಳ ಮುಖ್ಯಸ್ಥರು ಬಂದರು. ಪೇಪರಿನವರು ಬಂದರು. ತಿಂಗಳುಗಟ್ಟಲೆ ಅದೇ ಲೋಟ, ಅದೇ ಐಸ್, ಅದೇ ತಲೆ ಕೆರೆತ. ಉಳಿದ ಪಾಠಗಳು ಹಳ್ಳ ಹಿಡಿದವು. ಬಂದವರಿಗೆಲ್ಲ ಹುಡುಗಿ ದಡ್ಡಿಯಾಗಿದ್ದಷ್ಟೂ ಖುಷಿ. ಒಬ್ಬಾಕೆಯಂತೂ, "ಅಯ್ಯೋ ಪಾಪ, ಎಷ್ಟು ಮುದ್ದಾಗಿ ತಪ್ಪು ಹೇಳ್ತಾಳೆ," ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಕೊನೆಕೊನೆಗೆ ತರಗತಿಯೂ ಬೇಡವಾಯಿತು. ಸಾಹೇಬರು ಯಾರನ್ನಾದರೂ ಕರೆತಂದರೆ ಜವಾನ ಬಂದು, "ಸಾಹೇಬ್ರು ಬಂದಿದಾರೆ, ಲ್ಯಾಬಿಗೆ ಬರ್ಬೇಕಂತೆ," ಎನ್ನುವನು. ಹುಡುಗಿ ಪುಸ್ತಕ ಮುಚ್ಚಿ ಹೋಗಿ, ಒಬ್ಬಳೇ ನಿಂತು ತಪ್ಪು ಹೇಳಿ, ನನ್ನ ಮಾತು ಕೇಳಿ, ಸರಿ ಹೇಳಿ ಬರುವಳು. ಅವಳು ಅದರಲ್ಲಿ ಪಳಗಿಬಿಟ್ಟಳು. ತರಗತಿಯಲ್ಲಿ ಪ್ರಶ್ನೆ ಕೇಳುವುದು ಕಡಿಮೆಯಾಗಿತ್ತು. ನಾನದನ್ನು ಗಮನಿಸಿದೆ. ಸಂದರ್ಶನವೊಂದು ಮುಗಿಯಲಿ, ಈ ಹೊಲಸಿನಿಂದ ಅವಳನ್ನು ಎಳೆದು ಆಚೆ ಹಾಕುತ್ತೇನೆ ಎಂದು ಹಲ್ಲುಕಚ್ಚಿ ಕಾದೆ.

ಸಂದರ್ಶನ ಶನಿವಾರ ಎಂದು ಗೊತ್ತಾಗಿತ್ತು. ಸಾಹೇಬರನ್ನು ಮೆಚ್ಚಿಸಲು ದೊಡ್ಡ ಮೇಡಂ ಸಂದರ್ಶನ ಮಾಡಲು ಅವರನ್ನೇ ಕೂರಿಸುವುದೆಂದು ಗೊತ್ತುಮಾಡಿದ್ದರು. ಗುರುವಾರ ಲ್ಯಾಬಿನಲ್ಲಿ ಲೋಟ, ಐಸ್ ಇಡಿ ಎಂದು ನನಗೆ ಹೇಳಿಕಳಿಸಿದರು. ಮತ್ತೆ ಯಾರೋ ಬಂದರು ಅಂದುಕೊಂಡು, ಮನಸ್ಸಿನಲ್ಲೇ ಬೈಯುತ್ತ ಇಟ್ಟೆ. ಸಾಹೇಬರು ಒಬ್ಬರೇ ಬಂದು ಕೂತರು. ಪಕ್ಕದಲ್ಲಿ ದೊಡ್ಡ ಮೇಡಂ.

"ಶನಿವಾರ ಸಾಹೇಬರಿಗೆ ಊರಿಗೆ ಹೋಗೋದಿದೆಯಂತೆ," ಎಂದರು ದೊಡ್ಡ ಮೇಡಂ. "ಸಂದರ್ಶನ ಇವತ್ತೇ ಮುಗಿಸಿಬಿಡೋಣ. ಮೊದಲು ನಿಮ್ಮ ಹುಡುಗೀನೇ ಕರೆಸಿದೀನಿ, ನೋಡಿ."

"ಅವಳಿಗೆ ಹೇಳಿದೀರಾ?"

"ಹೇಳೋದೇನು? ಬರ್ತಾಳೆ."

ನಾನು ಬಾಗಿಲ ಕಡೆ ಓಡಿದೆ. ಅಷ್ಟರಲ್ಲಿ ಜವಾನನ ಹಿಂದೆಯೇ ಅವಳು ಒಳಗೆ ಬಂದಾಗಿತ್ತು. ಅವಳು ಸಾಹೇಬರನ್ನು ನೋಡಿದಳು, ಲೋಟ ನೋಡಿದಳು, ನನ್ನನ್ನು ನೋಡಿದಳು. ತನ್ನ ಜಾಗಕ್ಕೆ ಹೋಗಿ ನಿಂತಳು.

"ನನಗೆ ಇಷ್ಟವಾದ ಪ್ರಶ್ನೇನೇ ಕೇಳ್ತೀನಿ," ಎಂದರು ಸಾಹೇಬರು. ಅವರಿಗೆ ವಿಜ್ಞಾನದಲ್ಲಿ ಗೊತ್ತಿದ್ದದ್ದು ಅದೊಂದೇ. "ಈ ಐಸ್ ಕರಗಿದರೆ ಏನಾಗುತ್ತಮ್ಮ?"

ಅವಳು ತಲೆ ಕೆರೆದುಕೊಂಡಳು. ಕಣ್ಣು ಮೇಲೆತ್ತಿ ಯೋಚಿಸಿದಂತೆ ಮಾಡಿದಳು.

"ಚೆಲ್ಲುತ್ತೆ ಸಾರ್."

ಅವಳು ಕಾದಳು. ಇನ್ನು ನನ್ನ ಮಾತು ಬರಬೇಕಿತ್ತು. ಬರದಿದ್ದಾಗ, ಮಾತು ಮರೆತವರಿಗೆ ನೆನಪಿಸುವಂತೆ ನನ್ನತ್ತ ಮೆಲ್ಲಗೆ ಹುಬ್ಬು ಹಾರಿಸಿದಳು. ನಾನು ದೊಡ್ಡ ಮೇಡಂ ಕಡೆ ನೋಡಿದೆ. ಅವರಿಗೆ ಎಲ್ಲ ಅರ್ಥವಾಗಿತ್ತು. ಅವರು ಪೆನ್ನಿನ ಮುಚ್ಚಳ ತೆಗೆಯುವುದು, ಹಾಕುವುದು ಮಾಡುತ್ತ ಕೂತಿದ್ದರು. ಸಾಹೇಬರ ಮುಂದೆ ಬಾಯಿ ಬಿಟ್ಟರೆ ಅಷ್ಟು ತಿಂಗಳ ನಾಟಕ ಬಯಲಾಗುತ್ತದಲ್ಲ.

ನನಗೆ ತಡೆಯಲಾಗಲಿಲ್ಲ. "ಹೌದಾ? ಹಾಗಾದ್ರೆ ನೋಡೇ ಬಿಡೋಣ," ಎಂದೆ.

ಹುಡುಗಿಯ ಮುಖ ಅರಳಿತು. ಲೋಟದ ಹತ್ತಿರ ಬಂದು, ಚೆಲ್ಲುವುದಿಲ್ಲ ಎಂದಳು. ಉಬ್ಬು, ಒಡೆದ ಬಾಟ್ಲಿ, ಇಳಿದು ಕೂರುವ ನೀರು, ಎಲ್ಲವನ್ನೂ ಒಂದಕ್ಷರ ಬಿಡದೆ ಹೇಳಿದಳು. ಸಾಹೇಬರು ಅವಳ ಕಡೆ ನೋಡಲೇ ಇಲ್ಲ. ನನ್ನನ್ನೇ ದುರುಗುಟ್ಟಿಕೊಂಡು ನೋಡುತ್ತಿದ್ದರು.

"ನೀನು ಆಚೆ ಇರು ಮರಿ," ಎಂದು ಅವಳನ್ನು ಕಳಿಸಿದ ಮೇಲೆ, "ಏನ್ರೀ ಮೇಡಂ, ನನ್ನ ಕಣ್ಣೆದುರಿಗೇ ಸುಳಿವು ಕೊಡ್ತೀರಲ್ಲ!" ಎಂದರು.

ಆಗ ಎಲ್ಲ ಹೇಳಿಬಿಟ್ಟೆ. ಅದು ನಾವೇ ಬಾಯಿಪಾಠ ಮಾಡಿಸಿದ ತಪ್ಪು, ಅವಳಿಗೆ ಮೊದಲ ದಿನದಿಂದಲೂ ಗೊತ್ತು, ಇವತ್ತೂ ನಾಟಕವೆಂದೇ ತಿಳಿದು ಹಾಗೆ ಹೇಳಿದ್ದಾಳೆ, ಬೇರೆ ಯಾವ ಪ್ರಶ್ನೆ ಬೇಕಾದರೂ ಕೇಳಿ ಎಂದೆ. ಕೈ ಮುಗಿದೆ ಕೂಡ.

ದೊಡ್ಡ ಮೇಡಂ ನಕ್ಕರು. "ಈ ಮಗು ಅಂದ್ರೆ ಇವರಿಗೆ ತುಂಬಾ ಪ್ರೀತಿ ಸಾರ್. ಏನೇನೋ ಹೇಳ್ತಾರೆ."

"ನಾಟಕವಂತೆ!" ಎಂದರು ಸಾಹೇಬರು. "ನಾನು ಎಷ್ಟು ಸಲ ಕಣ್ಣಾರೆ ನೋಡಿದೀನಿ. ಪ್ರತಿ ಸಲ ಅದೇ ತಪ್ಪು. ಹೇಳಿಕೊಟ್ಟಾಗ ಸರಿ, ಮುಂದಿನ ಸಲ ಮತ್ತೆ ಅದೇ. ಇಷ್ಟು ತಿಂಗಳಾದ್ರೂ ತಲೆಯಲ್ಲಿ ಉಳಿದಿಲ್ಲ ಅಂದ್ರೆ ವಿಜ್ಞಾನ ಹೇಗ್ರೀ ಕೊಡೋದು? ಪದ್ಧತಿ ಒಳ್ಳೇದೇ. ಮಗು ಮಂದ. ಮುಂದಿನವರನ್ನ ಕಳಿಸಿ."

ಅಷ್ಟು ತಿಂಗಳ ತಪ್ಪನ್ನು ಪ್ರತಿ ಸಲವೂ ನಿಜವೆಂದೇ ನಂಬಿದ್ದ ಮನುಷ್ಯ! ಪ್ರತಿ ಸಲ ಅವಳು ಮೊದಲ ಸಲ ಕಲಿಯುತ್ತಿದ್ದಾಳೆ ಎಂದು ನಂಬಿಯೇ ಚಪ್ಪಾಳೆ ತಟ್ಟಿದ್ದ ಮನುಷ್ಯ! ಅವರ ಬೂಟಿನ ಮೇಲೆ ವಾಂತಿ ಮಾಡಿಬಿಡಬೇಕು ಅನ್ನಿಸಿತು. ದೊಡ್ಡ ಮೇಡಂ ಪಟ್ಟಿಯಲ್ಲಿ ಹುಡುಗಿಯ ಹೆಸರಿನ ಮೇಲೆ ಗೆರೆ ಎಳೆದರು.

ನಾನು ಹೊರಗೆ ಬಂದೆ. ಹುಡುಗಿ ಕಾರಿಡಾರಿನ ಗೋಡೆಗೆ ಒರಗಿ ನಿಂತಿದ್ದಳು. ನನ್ನನ್ನು ಕಂಡ ಕೂಡಲೇ ಹತ್ತಿರ ಓಡಿಬಂದಳು.

"ಇವತ್ತು ನೀವೇ ಮಾತು ಮರೆತ್ಬಿಟ್ರಿ ಮೇಡಂ! ನನಗೆ ಎಷ್ಟು ಗಾಬರಿ ಆಯ್ತು ಗೊತ್ತಾ?" ಎಂದು ನಕ್ಕಳು. ಆಮೇಲೆ ದನಿ ತಗ್ಗಿಸಿದಳು. "ಶನಿವಾರ ಸಂದರ್ಶನದಲ್ಲಿ ಮಾತ್ರ ಇದನ್ನ ಕೇಳಿದ್ರೆ ನಾನು ತಪ್ಪು ಹೇಳಲ್ಲ ಮೇಡಂ, ಆಯ್ತಾ? ಅಮ್ಮಂಗೂ ಹೇಳಿದೀನಿ. ಅವತ್ತು ಎಲ್ಲಾ ನಿಜಾನೇ ಹೇಳ್ತೀನಿ."